ಹೊಗೆ ಮೇಸ್ತ್ರಿಯ ಬಿಳಿ ಕರವಸ್ತ್ರ

ಲಾರಿಯ ಮೀಟರಿನಲ್ಲಿ ಹೊಗೆಯ ಹಳದಿ ಲೈಟು ಹತ್ತಿತೆಂದರೆ ಡ್ರೈವರುಗಳು ಗೊಣಗುತ್ತ ಬರುವುದು ಹೊಗೆ ಮೇಸ್ತ್ರಿಯ ಶೆಡ್ಡಿಗೇ. ಸೆನ್ಸರ್ ಕೆಟ್ಟಿದೆ ಎಂದು ದೋಷ ಹುಡುಕುವ ಸ್ಕ್ಯಾನರು ಹೇಳಿದರೂ ಆತ ನಂಬುವುದಿಲ್ಲ. "ಅದು ಚಾಡಿ ಹೇಳುತ್ತೆ ಅಷ್ಟೆ, ವಿಚಾರಣೆ ನಾವೇ ಮಾಡಬೇಕು" ಎಂದು ಲಾರಿಯಡಿ ನುಸುಳಿ, ವೈರುಗಳನ್ನು ಮಗುವಿನ ಕೂದಲಲ್ಲಿ ಹೇನು ಹುಡುಕುವಷ್ಟು ಮುತುವರ್ಜಿಯಿಂದ ಬಿಡಿಸುತ್ತಾನೆ. ಬಹಳ ಸಲ ಸಿಗುವುದು ತುಕ್ಕು ಹಿಡಿದ ಒಂದು ಪಿನ್ನು. "ಆ ಹೊಗೆ ಫಿಲ್ಟರನ್ನೇ ಕಿತ್ತು ಬಿಸಾಕಿ ಮೇಸ್ತ್ರಿ" ಎಂದವರಿಗೆ ಮಾತ್ರ ಸ್ಪ್ಯಾನರು ಕೆಳಗಿಟ್ಟು, "ನೆಗಡಿ ಆಯ್ತು ಅಂತ ಮೂಗು ಕೊಯ್ಕೋತೀಯೇನಯ್ಯ?" ಎಂದು ಗದರುತ್ತಾನೆ. ಲೈಟು ಆರಿದ ಮೇಲೂ ಲಾರಿಯನ್ನು ಒಂದು ಸುತ್ತು ಓಡಿಸಿ ತರಿಸಿ, ಸೈಲೆನ್ಸರಿನ ಬಾಯಿಗೆ ಬಿಳಿ ಕರವಸ್ತ್ರ ಹಿಡಿಯುತ್ತಾನೆ. ಬಟ್ಟೆ ಬೆಳ್ಳಗೇ ಉಳಿದರೆ ಬಾಗಿಲಿಗೆ ಬಂದು ಅದನ್ನು ಬೀಸುತ್ತಾನೆ. ಹೊರಡಲು ತಮಗೇ ಅಪ್ಪಣೆ ಸಿಕ್ಕಿತೆಂದು ಡ್ರೈವರುಗಳು ತಿಳಿದಿದ್ದಾರೆ. ಆದರೆ ಆತ ಬೀಸುವುದು ರಸ್ತೆಯಾಚೆ ಬುತ್ತಿ ಹಿಡಿದು ನಿಂತ ಹೆಂಡತಿಗೆ. ದಮ್ಮಿನ ಕಾಯಿಲೆಯ ಆಕೆ ಹಿಂದೆಲ್ಲ ಬುತ್ತಿಯನ್ನು ಗೇಟಿನಲ್ಲೇ ಇಟ್ಟು, ಮೂಗು ಮುಚ್ಚಿಕೊಂಡು ಹೋಗಿಬಿಡುತ್ತಿದ್ದಳು. ಈಗ ಆ ಬಿಳಿ ಬಟ್ಟೆ ಕಂಡೊಡನೆ ಶೆಡ್ಡಿನೊಳಗೇ ಬಂದು, ಎದುರು ಕೂತು ಬಡಿಸಿ, "ಉಪ್ಪು ಸರಿಯಾಗಿದೆಯಾ?" ಎಂದು ಕೇಳುತ್ತಾಳೆ. ಆತ ತುತ್ತನ್ನು ಕೈಯಲ್ಲೇ ಹಿಡಿದು, ಇಂಜಿನ್ನಿಗೆ ಕಿವಿಗೊಡುವ ಹಾಗೆಯೇ ಆಕೆಯ ಉಸಿರಿಗೆ ಕಿವಿಗೊಟ್ಟು, ಆಮೇಲೆ ಹೇಳುತ್ತಾನೆ: "ಎಲ್ಲ ಸರಿಯಾಗಿದೆ ಕಣೇ."