ಅತ್ತೆಯ ಕೋಣೆಯಲ್ಲಿ ತಣ್ಣಗಾದ ಬೀರು

ನಮ್ಮವರು ಚನ್ನಗಿರಿಯಲ್ಲಿ ಬಾರ್ ತೆರೆದಾಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೋರ್ಡಿನ ಬಣ್ಣಕ್ಕೂ ಮೇಜಿನ ಸನ್‌ಮೈಕಕ್ಕೂ ತಲೆ ಕೆಡಿಸಿಕೊಂಡವರು ಬೇಸಿಗೆಯೊಂದನ್ನು ಮರೆತಿದ್ದರು. ಇದ್ದದ್ದು ಒಂದೇ ಫ್ರಿಜ್ಜು. ಮಧ್ಯಾಹ್ನವಾದರೆ ಕರೆಂಟು ಇರುತ್ತಿರಲಿಲ್ಲ. ಅಡಿಕೆ ವ್ಯಾಪಾರಿಯೊಬ್ಬರು ಬೆಚ್ಚಗಿನ ಬೀರನ್ನು ಒಂದು ಗುಟುಕು ಕುಡಿದು, "ಯಜಮಾನ್ರೇ, ಇದಕ್ಕೆ ಒಂಚೂರು ಶುಂಠಿ, ಬೆಲ್ಲ ಹಾಕಿಸ್ರಿ, ಕಷಾಯ ಆದ್ರೂ ಆಗ್ತೈತೆ" ಎಂದರಂತೆ. ಮರುದಿನದಿಂದ ಅವರ ಗುಂಪೇ ಬರಲಿಲ್ಲ. ಹೀಗಾದರೆ ಮಳೆಗಾಲಕ್ಕೆ ಮೊದಲೇ ಬಾಗಿಲು ಹಾಕಬೇಕಾಗುತ್ತದೆಂದು ಇವರು ಊಟ ಬಿಟ್ಟರು. ಬಿಟ್ಟರು ಎಂದರೆ, ಎರಡನೆಯ ಸಲದ ಅನ್ನ ಬಿಟ್ಟರು.

ಬಾರಿನ ಹಿಂದೆಯೇ ನಮ್ಮ ಮನೆ. ಅದರಲ್ಲಿ ತಂಪಾದ ಜಾಗ ಒಂದೇ: ದಪ್ಪ ಮಣ್ಣಿನ ಗೋಡೆ, ಕಲ್ಲುಚಪ್ಪಡಿಯ ನೆಲ, ಒಂದು ಬೆಳಕಿಂಡಿ ಇದ್ದ ಒಳಕೋಣೆ. ಮಧ್ಯಾಹ್ನ ಅತ್ತೆ ಮಲಗುತ್ತಿದ್ದುದು ಅಲ್ಲೇ. ಹಣೆ ತುಂಬ ವಿಭೂತಿ ಧರಿಸುವ ಅವರು 'ಬೀರು' ಎಂಬ ಪದವನ್ನು ಬಾಯಲ್ಲಿ ಆಡಿದವರಲ್ಲ.

"ಅವ್ವಾ, ಬೇಸಿಗೆ ಮುಗಿಯೋ ಮಟ ಈ ಕೋಣೆ ಬಿಟ್ಕೊಡ್ತೀಯಾ?" ಎಂದು ಇವರು ತಲೆ ಕೆರೆದುಕೊಂಡರು.

"ಅವನ್ನ ಬೇಕಾರೆ ತಂದಿಡು. ನಾನಂತೂ ಏಳಂಗಿಲ್ಲ."

ಹೀಗೆ ಅತ್ತೆಯ ಚಾಪೆಯ ಎರಡೂ ಬದಿಗೆ ಕ್ರೇಟುಗಳು ಕೂತವು. ನಾನು ಗೋಣಿಚೀಲ ನೆನೆಸಿ ಹೊದಿಸಿದೆ. ನೀರು ಆರುವಾಗ ತಂಪು ಹುಟ್ಟುತ್ತದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಯಾವುದಕ್ಕೆಲ್ಲ ಉಪಯೋಗ ಎಂದು ಹೇಳಿರಲಿಲ್ಲ. ಲೇಬಲ್ಲುಗಳು ಮಾತ್ರ ಗೋಣಿಗೆ ಅಂಟಿಕೊಂಡು ಕಿತ್ತು ಬರುತ್ತಿದ್ದವು. ಯಾರಾದರೂ ಕದ ಸರಿಸಿದರೆ ಸಾಕು, "ಬಾಗ್ಲು ಹಾಕ್ರಿ, ಝಳ ಬರ್ತೈತೆ!" ಎಂದು ಅತ್ತೆ ಗದರುತ್ತಿದ್ದರು. ಬಾರಿನ ಮಾಲೀಕರೂ ಅಲ್ಲಿಗೆ ಕಳ್ಳಹೆಜ್ಜೆಯಲ್ಲೇ ಹೋಗಬೇಕಿತ್ತು.

ಒಂದು ಮಧ್ಯಾಹ್ನ ಅದೇ ಅಡಿಕೆ ವ್ಯಾಪಾರಿ ಸ್ನೇಹಿತರೊಂದಿಗೆ ಬಂದು, "ಇದೊಂದು ಸಲ ನೋಡ್ತೀವಿ, ಇವತ್ತೂ ಕಷಾಯ ಕೊಟ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ" ಎಂದರು. ಒಳಗೆ ಅತ್ತೆಯ ಗೊರಕೆ. ಇವರು ತುದಿಗಾಲಲ್ಲಿ ಹೋಗಿ ಬಾಗಿಲ ಕಡೆಯ ಕ್ರೇಟಿಗೆ ಕೈ ಹಾಕಿದರು. ಗೊರಕೆ ನಿಂತಿತು.

"ಅವು ಬೆಳಿಗ್ಗೆ ಬಂದವು, ಇನ್ನೂ ಬೆಚ್ಚಗವೆ. ಗ್ವಾಡೆ ಕಡೆಯವು ತಗಾ." ಕಣ್ಣು ಮುಚ್ಚಿಯೇ ಇತ್ತು.

ಇವರು ಗೋಡೆಯ ಕಡೆಯವನ್ನು ಒಯ್ದರು. ಸ್ವಲ್ಪ ಹೊತ್ತಿಗೆ ಮುಖವೆಲ್ಲ ನಗುವಾಗಿ, ಇನ್ನೂ ನಾಲ್ಕು ಬೇಕೆಂದು ಓಡಿ ಬಂದರು.

ಗಿರಾಕಿಗಳು ಹೋದ ಮೇಲೆ ಮೆಲ್ಲಗೆ ಕೇಳಿದೆ: "ಅತ್ತೆ, ನೀವು ಅವನ್ನ ಮುಟ್ಟಿದ್ರಾ?"

"ಶಿವನೇ! ನಾನ್ಯಾಕೆ ಮುಟ್ಟಾಕೆ ಹೋಗ್ಲಿ? ಅಂಗಾಲು ಉರೀತಿತ್ತು ಕಣವ್ವ, ಒಂದೊಂದಕ್ಕೂ ತಾಗಿಸಿ ನೋಡಿದ್ದೆ, ಅಷ್ಟೇ" ಎಂದು ಅತ್ತೆ ಗೋಡೆಯ ಕಡೆಗೆ ಕಾಲು ಚಾಚಿದರು.