ಮೇಜಿನ ಮೇಲೆ ಉಳಿದ ಗುಂಡು

ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನುಗಳ ಮೆಕ್ಯಾನಿಕ್ ಒಬ್ಬರಿದ್ದರು. ಕುಂಟುವ ನಾಯಿಯನ್ನು ಕಂಡರೂ "ಎಣ್ಣೆ ಸಾಲ್ದು ಕಣಪ್ಪಾ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಡೈರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ; ತಾತನ ರೆಕಾರ್ಡ್ ಪ್ಲೇಯರ್ ರಿಪೇರಿಗೆ ಕೊಟ್ಟ ದಿನಕ್ಕೆ ಹದಿನಾಲ್ಕಾಗಿದ್ದವು.

ಅಜ್ಜಿಯ ತಿಥಿಯ ಸಂಜೆ ಅಜ್ಜಿಯ ಮೆಚ್ಚಿನ ಹಾಡು ಕೇಳಬೇಕೆಂದು ತಾತನ ಆಸೆ. ಮೆಕ್ಯಾನಿಕ್ಕು ರೆಕಾರ್ಡ್ ಇಡುವ ತಟ್ಟೆ ತಿರುಗಿಸುವ ಬೇರಿಂಗ್ ಬಿಚ್ಚಿ, ಒರೆಸಿ, ಹುರಿ ಮಿಷನ್ನಿಗೆ ಬಿಡುವಷ್ಟೇ ಧಾರಾಳವಾಗಿ ಎಣ್ಣೆ ಸುರಿದು ಜೋಡಿಸಿದರು. ಮೇಜಿನ ಮೇಲೆ ಪುಟ್ಟ ಉಕ್ಕಿನ ಗುಂಡೊಂದು ಉಳಿಯಿತು.

"ಇದೆಲ್ಲಿಗೆ ಅಣ್ಣಾ?" ಎಂದೆ.

"ಎಕ್ಸ್‌ಟ್ರಾ. ಕಂಪನಿಯೋರು ಒಂದು ಜಾಸ್ತಿ ಹಾಕಿರ್ತಾರೆ."

ತಿಥಿಯ ಸಂಜೆ ಆ ಗುಂಡಿಲ್ಲದ ತಟ್ಟೆ ತಗ್ಗಿ, ಕೆಳಗೆ ಉಜ್ಜಿಕೊಂಡು ತೆವಳುತ್ತಾ ತಿರುಗಿತು. ಗಾಯಕಿಯ ದನಿ ಗಂಡಸಿನದಾಯಿತು. ತಾತ ರೆಕಾರ್ಡನ್ನು ಒರೆಸಿ ಒಳಗಿಟ್ಟರು.

ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಉತ್ತರ ಕೊಟ್ಟರು.

ಹದಿನೈದನೆಯ ಗೀಟು ಎಳೆದೆ.