ವಿಮಾನಕ್ಕೆ ಹಚ್ಚಿದ ಕುಂಕುಮ

ನಮ್ಮ ಅಪ್ಪ ಶಹಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ಹುಡುಗರ ಹಾಳೆಯ ಮೇಲೆ ಎಲ್ಲಾದರೂ ಬಣ್ಣ ಕಲಸಿದ್ದು ಕಂಡರೆ ಸಾಕು, ಅದನ್ನು ಮಡಚಿ ಅವರ ಕೈಗೇ ವಾಪಸು ಕೊಡುತ್ತಿದ್ದ. ಮನೆಯಲ್ಲೂ ಅದೇ ದರ್ಬಾರು. ಹಸಿದು ಊಟಕ್ಕೆ ಕೂತಾಗಲೂ ರೊಟ್ಟಿಯ ಅಂಚು ಸೊಟ್ಟಗಿದೆ ಎನ್ನುವ ಮನುಷ್ಯ. ಅಂಥವನ ಕಣ್ಣಿಗೇ ಕುತ್ತು ಬಂತು.

ಹೈದರಾಬಾದಿಗೆ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಔಷಧಿ ಹನಿ ಹಾಕಿ ಎಷ್ಟು ಕಾಲ ಹಿಡಿದಿಡಬಹುದೋ ನೋಡೋಣ ಎಂದರು ಡಾಕ್ಟರು. ಅಪ್ಪ ಹೊರಗೆ ಬಂದು ಚಾ ಕುಡಿದ. ಬಸ್ ನಿಲ್ದಾಣದ ದಾರಿಯಲ್ಲಿ ಒಂದು ಆಟಿಕೆ ಅಂಗಡಿಯ ಮುಂದೆ ನಿಂತುಬಿಟ್ಟ. ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಹಚ್ಚಿ ಮಾಡುವ ಪುಟ್ಟ ವಿಮಾನದ ಡಬ್ಬಿ ಅಲ್ಲಿತ್ತು.

“ಇದು ತಗೊಳ್ಳೋಣು,” ಅಂದ.

“ಯಾರಿಗಪ್ಪಾ?”

“ನನಗ. ಹುಟ್ಟಿದಾಗಿಂದ ಕೆಳಗ ನಿಂತು ವಿಮಾನದ ಹೊಟ್ಟಿ ಅಷ್ಟ ನೋಡೀನಿ. ಒಮ್ಮೆರ ಅದರ ಬೆನ್ನು ನೋಡಬೇಕು. ಕಣ್ಣು ಇರೂದ್ರಾಗ.”

ಕೆಲಸವೆಲ್ಲ ನನ್ನ ಪಾಲಿಗೆ ಬಂತು. ನಾನು ದಿನಾ ಬಸ್ಸಿನಲ್ಲಿ ಸುರಪುರಕ್ಕೆ ಹೋಗಿಬರುವ ಗುಮಾಸ್ತೆ. ರಂಗೋಲಿಗಿಂತ ದೊಡ್ಡ ಕಲೆ ನನ್ನ ಕೈಯಿಂದ ಆದದ್ದಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತು ಹೇಳುವವನು, ನಾನು ನೆಲದ ಮೇಲೆ ಕೂತು ಮಾಡುವವಳು. ಅಂಟಿಸಿದ ಸಂದುಗಳನ್ನು ಪಾಲಿಶ್ ಪೇಪರಿನಿಂದ ನುಣುಪಾಗಿ ಉಜ್ಜಿಸಿದ. ಬಣ್ಣ ತೆಳ್ಳಗಿರಬೇಕು, ಒಂದು ಪದರ ಒಣಗದೆ ಇನ್ನೊಂದಕ್ಕೆ ಕೈ ಹಾಕಬಾರದು. ವಿಮಾನವನ್ನಂತೂ ಮುಟ್ಟಲೇಬಾರದು, ಅದರ ಹೊಟ್ಟೆಯ ತೂತಿಗೆ ಕಡ್ಡಿ ಸಿಗಿಸಿ, ಕಡ್ಡಿಯನ್ನೇ ಹಿಡಿಯಬೇಕು. ತಪ್ಪಿದರೆ ಬೈಗುಳ.

“ಇದು ವಿಮಾನ ಅದ, ಗ್ವಾಡಿ ಅಲ್ಲ. ಸುಣ್ಣ ಬಳದಂಗ ಬಳೀಬ್ಯಾಡ.”

ಕಾಲುವೆ ಬಂದ ಮೇಲೆ ಊರ ಸುತ್ತ ಜೋಳ ಹೋಗಿ ಭತ್ತ ಬಂದಿದೆ. ಭತ್ತ ತೆನೆ ಹಿಡಿಯುವ ಕಾಲಕ್ಕೆ ಸಂಜೆ ದೀಪ ಹಾಕಿದರೆ ಸಾಕು, ಗದ್ದೆಯ ಜಿಗಿಹುಳವೆಲ್ಲ ಮನೆಯೊಳಗೆ. ಬೆಳ್ಳಿ ಬಣ್ಣ ಹಚ್ಚಿದ ಮೊದಲ ಸಂಜೆಯೇ ರೆಕ್ಕೆಯ ತುಂಬ ಹುಳ ಅಂಟಿಕೊಂಡು ಸತ್ತವು. ಉಜ್ಜಿ ತೆಗೆದು ಮತ್ತೆ ಹಚ್ಚಬೇಕಾಯಿತು. ಅಲ್ಲಿಂದ ರಜೆಯ ದಿನ ಹಗಲು ಹೊತ್ತು ಮಾತ್ರ ಕೆಲಸ. ಅವಸರ ಮಾಡಿದರೆ ಬಣ್ಣ ಕೇಳುವುದಿಲ್ಲ, ತಡ ಮಾಡಿದರೆ ಅಪ್ಪನ ಕಣ್ಣು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಹನಿ ಹಾಕುವುದೊಂದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಯಾರ ಮೇಲೆಂದು ತಿಳಿಯದ ಸಿಟ್ಟು ಬರುತ್ತಿತ್ತು, ಅದನ್ನು ಹುಳಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಬರಬರುತ್ತ ಅಪ್ಪನ ಬೈಗುಳ ಕಡಿಮೆಯಾಯಿತು. ಚಾದ ಕಪ್ಪಿಗೆಂದು ಚಾಚಿದ ಕೈ ಅದರ ಪಕ್ಕದಲ್ಲಿ ತಡಕಾಡುತ್ತಿತ್ತು. ಕಾಣುತ್ತದೇನಪ್ಪಾ ಎಂದು ಕೇಳಿದರೆ ಗದರುತ್ತಿದ್ದ.

“ಕಾಣ್ತದ, ಕಾಣ್ತದ. ನೀ ನಿನ್ನ ಕೆಲಸ ನೋಡು.”

ಕೊನೆಗೆ ವಾರ್ನಿಷ್ ಒಂದು ಉಳಿಯಿತು. ಮಹಾನವಮಿಯ ಮುಂಜಾನೆ ಅದನ್ನೂ ಹಚ್ಚಿ, ಕಡ್ಡಿಯನ್ನು ಅಕ್ಕಿ ತುಂಬಿದ ಲೋಟದಲ್ಲಿ ಊರಿ, ಮೇಲೆ ಬುಟ್ಟಿ ಮುಚ್ಚಿ, ಕಚೇರಿಯ ಪೂಜೆಗೆಂದು ಸುರಪುರಕ್ಕೆ ಹೋದೆ. ಆ ದಿನ ನಮ್ಮ ಕಡೆ ಖಂಡೆ ಪೂಜೆ. ಕುಡುಗೋಲಿನಿಂದ ಹಿಡಿದು ಹೊಲಿಗೆ ಮಷೀನು, ಸ್ಕೂಟರಿನವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂ. ಯಾವುದನ್ನಾದರೂ ಬಿಟ್ಟರೆ ಮನೆಗೆ ಒಳ್ಳೆಯದಲ್ಲ.

ತಿರುಗಿ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ದನಿ ತಗ್ಗಿಸಿ ಹೇಳಿದಳು.

“ಗಾಡಿ, ಮಷೀನು ಎಲ್ಲಾಕೂ ಹಚ್ಚಿದೆ. ನಿಮ್ಮಪ್ಪನ ಜೀವ ಎಲ್ಲಾ ಅದರ ಮ್ಯಾಲ ಅದ, ಅದನ್ನೊಂದ ಬಿಟ್ಟರ ಹ್ಯಾಂಗ ಅಂತ ಬುಟ್ಟಿ ತಗದೆ. ಹಸಿ ಅದ ಅಂತ ನನಗೇನು ಗೊತ್ತಬೇ.”

ಒಳಗೆ ಹೋಗಿ ನೋಡಿದೆ. ಎರಡೂ ರೆಕ್ಕೆಗೆ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟಿದ್ದಾಳೆ. ಕುಂಕುಮ ವಾರ್ನಿಷಿನಲ್ಲಿ ಕರಗಿದೆ. ಅವ್ವ ಗಾಬರಿಯಾಗಿ ಒದ್ದೆ ಬಟ್ಟೆಯಿಂದ ಒರೆಸಿದ್ದಕ್ಕೆ ಬೆನ್ನಿನಿಂದ ಬಾಲದವರೆಗೆ ಕೆಂಪು ಎಳೆದುಕೊಂಡು ಹೋಗಿದೆ. ಬೈಯಲು ಬಾಯಿ ತೆರೆದವಳು ಅವಳ ಕೆಂಪು ಬೆರಳುಗಳನ್ನು ನೋಡಿ ಸುಮ್ಮನಾದೆ. ಮದುವೆಯಾದಾಗಿನಿಂದ ಅಪ್ಪನ ಬೈಗುಳ ತಿಂದವಳು, ಅವತ್ತು ಆ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಅಪ್ಪ ಕೋಣೆಯಿಂದ ಕರೆದ. “ಬಂದ್ಯಾ? ವಿಮಾನ ತಗೊಂಡು ಬಾ.”

“ಇನ್ನಾ ಹಸಿ ಅದಪ್ಪಾ.”

“ಇರಲಿ ತಾ. ಕಡ್ಡಿ ಹಿಡೀತೀನಿ.”

ಕೊಟ್ಟೆ. ಗೋಡೆ ಹಿಡಿದು ಕಿಟಕಿಯ ತನಕ ಹೋದ. ಹೊರಗೆ ಸುಡುವ ಬಿಸಿಲು, ಬೆಳಕಿಗೇನೂ ಬರವಿರಲಿಲ್ಲ. ಕಡ್ಡಿಯನ್ನು ಓರೆ ಮಾಡಿ, ವಿಮಾನದ ಬೆನ್ನನ್ನು ತನ್ನ ಕಡೆಗೆ ತಿರುಗಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಅವ್ವ ನನ್ನ ಹಿಂದೆ ನಿಂತು ತೋಳು ಹಿಡಿದುಕೊಂಡಿದ್ದಳು. ಬೈಯಲಿ ಎಂದು ಕಾದೆ. ಯಾರದಿದು ಮಂಗ್ಯಾನಾಟ ಎಂದು ಓಣಿಗೆಲ್ಲ ಕೇಳುವಂತೆ ಚೀರಲಿ, ಎತ್ತಿ ಅಂಗಳಕ್ಕೆ ಒಗೆಯಲಿ. ದೇವರೇ, ಈ ಮನುಷ್ಯನ ಬಾಯಿಂದ ಒಮ್ಮೆ ಬೈಗುಳ ಬರಲಿ ಎಂದು ಬೇಡಿಕೊಂಡೆ.

“ಶಾಬಾಸ್,” ಅಂದ ಅಪ್ಪ. “ಒಂದು ಡಾಗು, ಒಂದು ಕಲೆ ಇಲ್ಲ ನೋಡು.”

ಅವ್ವ ನನ್ನ ತೋಳು ಬಿಟ್ಟು ಅಲ್ಲೇ ನೆಲದ ಮೇಲೆ ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಸದ್ದು ಬರಬಾರದೆಂದು. ನಾನು ವಿಮಾನ ಇಸಿದುಕೊಳ್ಳಲು ಕೈ ಚಾಚಿದೆ.

“ಕೊಡಪ್ಪಾ, ಒಳಗ ಇಡ್ತೀನಿ.”

“ತಡಿ ಯವ್ವಾ,” ಅಂದ, ಕಿಟಕಿಯಿಂದ ಮುಖ ತಿರುಗಿಸದೆ. “ಇನ್ನೊಂಚೂರು ನೋಡ್ತೀನಿ.”